ಕೆಂಪು ಚುಕ್ಕೆಯ ಸಂಚಾಲಕರು

ಭೂಗೋಳದ ಮೇಷ್ಟರು ಕಲೆಯ ಬಗ್ಗೆ ತಮ್ಮ ಆಯುಷ್ಯದಲ್ಲಿ ತಾವಾಗಿ ಆಡಿದ್ದು ಒಂದೇ ಒಂದು ವಾಕ್ಯ. ಅದನ್ನು ನುಂಗಿಕೊಂಡಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ. ಆದರೆ ಬಾಯಿಗೆ ಬಂದ ಮಾತನ್ನು ನುಂಗುವ ಅಭ್ಯಾಸ ಅವರ ವಂಶದಲ್ಲೇ ಯಾರಿಗೂ ಇರಲಿಲ್ಲ.

ಪ್ರಿನ್ಸಿಪಾಲರ ಕೋಣೆಯಲ್ಲಿ, ಅವರ ಕುರ್ಚಿಯ ಹಿಂದಿನ ಗೋಡೆಗೆ ಒಂದು ದೊಡ್ಡ ಚಿತ್ರ ತೂಗುಹಾಕಿತ್ತು. ಕೆರೆ, ಕೆರೆಯಲ್ಲಿ ಎರಡು ಹಂಸ. ರಜೆ ಕೇಳಲು ಹೋಗಿದ್ದ ಮೇಷ್ಟರು, ಪ್ರಿನ್ಸಿಪಾಲರು ಫೋನಿಡುವ ತನಕ ಸುಮ್ಮನೆ ನಿಂತಿರಲಾರದೆ ಆ ಚಿತ್ರವನ್ನು ನೋಡಿದರು. ಸುಮ್ಮನೆ ನೋಡಿದ್ದರೆ ಚಿಂತೆಯಿರಲಿಲ್ಲ. ಕಣ್ಣು ಕಿರಿದು ಮಾಡಿದರು, ತಲೆ ವಾಲಿಸಿದರು, ಎರಡು ಹೆಜ್ಜೆ ಹಿಂದೆ ಸರಿದು ಕಸದ ಬುಟ್ಟಿಗೆ ಕಾಲು ತಗುಲಿಸಿಕೊಂಡರು. ಆಮೇಲೆ, ಟೀವಿಯಲ್ಲಿ ಯಾರೋ ಗಡ್ಡದವರು ಹೇಳಿದ್ದನ್ನು ಕೇಳಿದ್ದ ನೆನಪಿನಿಂದ, "ಎಡಗಡೆ ಸ್ವಲ್ಪ ತೂಕ ಕಮ್ಮಿ ಆಯ್ತು" ಎಂದುಬಿಟ್ಟರು.

ಪ್ರಿನ್ಸಿಪಾಲರು ಫೋನು ಇಟ್ಟರು. "ಏನಂದ್ರಿ?"

"ಏನಿಲ್ಲ ಸಾರ್, ಸುಮ್ನೆ..."

"ಎಡಗಡೆ ಅಂದ್ರಲ್ಲ!" ಪ್ರಿನ್ಸಿಪಾಲರು ಎದ್ದು ಬಂದು ಅವರ ಪಕ್ಕದಲ್ಲಿ ನಿಂತರು. "ಮದುವೆಯಾದಾಗಿನಿಂದ ಈ ಚಿತ್ರದಲ್ಲಿ ಏನೋ ಸರಿ ಇಲ್ಲ ಅಂತ ನನ್ನ ಮನಸ್ಸು ಹೇಳ್ತಾನೇ ಇದೆ ಕಣ್ರೀ. ಏನು ಅಂತ ಮಾತ್ರ ಗೊತ್ತಾಗಿರಲಿಲ್ಲ. ಇದು ನಮ್ಮ ಅತ್ತೆಯವರು ಬರೆದದ್ದು."

ಮೇಷ್ಟರ ಕೈಕಾಲು ತಣ್ಣಗಾದವು. ಆದರೆ ಪ್ರಿನ್ಸಿಪಾಲರು ಆ ತಣ್ಣನೆಯ ಕೈಯನ್ನೇ ಹಿಡಿದು ಕುಲುಕಿದರು. ಅತ್ತೆಯವರ ಮೇಲೆ ಅವರಿಗೆ ಇದ್ದದ್ದೆಲ್ಲ ಆ ಕುಲುಕಿನಲ್ಲಿತ್ತು. ಚಿತ್ರಕಲೆಯ ಮೇಡಂ ಹೆರಿಗೆ ರಜೆಯಲ್ಲಿದ್ದರು. ಕಾಲೇಜಿನ ಕಲೆ ಮತ್ತು ಕರಕುಶಲ ವಿಚಾರ ಸಂಕಿರಣ ಹಾಗೂ ವಿದ್ಯಾರ್ಥಿಗಳ ಪ್ರದರ್ಶನ ಹತ್ತಿರ ಬಂದಿತ್ತು. ಸಂಜೆಯೊಳಗೆ ನೋಟೀಸು ಬೋರ್ಡಿನಲ್ಲಿ ಹೆಸರು ಬಿತ್ತು. ಭೂಗೋಳದ ಮೇಷ್ಟರು ಸಂಚಾಲಕರಾದರು. ರಜೆ ಸಿಗಲಿಲ್ಲ.

ಮನೆಯಲ್ಲಿ ಈ ಸುದ್ದಿ ಕೇಳಿ ಕುಣಿದಾಡಿದವಳು ಮಗಳೊಬ್ಬಳೇ. ಅವಳು ಅದೇ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಚೆನ್ನಾಗಿ ಚಿತ್ರ ಬರೆಯುತ್ತಿದ್ದಳು. ಎಷ್ಟು ಚೆನ್ನಾಗಿ ಎಂದರೆ, ಕಲೆ ಎಂದರೆ ಏನೆಂದು ತಿಳಿಯದ ಮೇಷ್ಟರಿಗೂ ಅದು ಚೆನ್ನಾಗಿದೆ ಎಂದು ತಿಳಿಯುವಷ್ಟು. ಮುಂದೆ ಕಲಾಶಾಲೆಗೆ ಸೇರಬೇಕೆಂಬುದೊಂದೇ ಅವಳ ಹಟ. ಹೆಂಡತಿಯ ತಮ್ಮನಿಗೆ ಮಾತ್ರ ಬೇರೆ ಯೋಚನೆಯಿತ್ತು. ಆತ ಆಡಿಟರ್. ಸ್ವಂತ ಆಫೀಸಿತ್ತು, ಆಫೀಸಿನಲ್ಲಿ ಅಕ್ಕನ ಮಗಳಿಗಾಗಿ ಒಂದು ಮೇಜು ಖಾಲಿಯಿಟ್ಟಿದ್ದ. ಕೆಟ್ಟವನಲ್ಲ, ಮೇಜಿಗೆ ಹೊಸ ದೀಪ ಕೂಡ ತಂದಿಟ್ಟಿದ್ದ. ಇವರ ಮನೆಯಲ್ಲಿ ಆಡಿಟರ್ ಹೇಳಿದ್ದೇ ಕೊನೆಯ ಮಾತು, ಏಕೆಂದರೆ ಮೇಷ್ಟರ ಮಾತನ್ನು ಯಾರೂ ಮಾತೆಂದು ಎಣಿಸುತ್ತಿರಲಿಲ್ಲ.

"ಭಾವ, ನಾವೆಲ್ಲಾ ಚೆನ್ನಾಗಿದೆ ಅಂತೀವಿ. ಮನೆಯವರು ಅನ್ನದೆ ಇನ್ನ್ಯಾರು ಅಂತಾರೆ?" ಎಂದಿದ್ದ ಅವನು. "ಪ್ರದರ್ಶನಕ್ಕೆ ಇಡ್ಲಿ. ಗುರುತು ಪರಿಚಯ ಇಲ್ಲದ ಒಬ್ಬ, ಒಬ್ಬನೇ ಒಬ್ಬ, ಈ ಚಿತ್ರ ನಂಗೆ ಬೇಕು ಅಂತ ಕೊಂಡ್ಕೊಂಡ್ರೆ, ನಾನೇ ಕರ್ಕೊಂಡು ಹೋಗಿ ಕಲಾಶಾಲೆಗೆ ಸೇರಿಸ್ತೀನಿ. ಇಲ್ಲದಿದ್ರೆ ಸುಮ್ನೆ ನಮ್ಮ ಆಫೀಸಿಗೆ ಬರ್ಬೇಕು. ಏನಂತೀಯ ಪುಟ್ಟಿ?"

"ಆಗ್ಲಿ ಮಾವ" ಎಂದಿದ್ದಳು ಪುಟ್ಟಿ, ಒಂದು ಕ್ಷಣವೂ ಯೋಚಿಸದೆ. ಕೈಗೆ ಕೈ ತಟ್ಟಿ ಮಾತೂ ಕೊಟ್ಟಿದ್ದಳು.

ಅವಳು ಬರೆದದ್ದು ತನ್ನ ಅಮ್ಮನನ್ನು. ಕಿಟಕಿಯ ಬಳಿ ನಿಂತು ಇಸ್ತ್ರಿ ಮಾಡುತ್ತಿರುವ ಅಮ್ಮ. ಕಾಣುವುದು ಬೆನ್ನು ಮಾತ್ರ. ಇಸ್ತ್ರಿಪೆಟ್ಟಿಗೆ ಒತ್ತುವ ಕಡೆಗೆ ಒಂದು ಭುಜ ಇಳಿದಿತ್ತು, ಕುತ್ತಿಗೆಯ ಮೇಲೆ ಬೆವರಿಗೆ ಅಂಟಿದ ಕೂದಲು, ಆಚೆ ಬಿಸಿಲು. "ಮುಖ ಬರೆಯೋಕೆ ಏನಾಗಿತ್ತು? ಇಡೀ ಊರಿಗೆ ನನ್ನ ಬೆನ್ನು ತೋರ್ಸಿದ್ಳು" ಎಂದು ಹೆಂಡತಿ ಗೊಣಗಿದಳು. ಮೇಷ್ಟರಿಗೆ ಮಾತ್ರ ಆ ಚಿತ್ರದ ಮುಂದೆ ನಿಂತಾಗ, ಇಷ್ಟು ವರ್ಷ ಆ ಇಸ್ತ್ರಿಯ ಅಂಗಿ ಹಾಕಿಕೊಂಡು ಹೋಗುತ್ತಿದ್ದವನು ತಾನೇ ಎಂಬುದು ನೆನಪಾಗಿ ಏನೋ ಸಂಕಟವಾಯಿತು. ಎಡಗಡೆ ತೂಕ ಕಮ್ಮಿಯಿದೆಯೇ ಎಂದು ನೋಡುವುದೂ ಅವರಿಗೆ ಮರೆತುಹೋಯಿತು.

ಪ್ರದರ್ಶನಕ್ಕೆ ಬಂದು ಬಿದ್ದ ಕೃತಿಗಳು ಸಭಾಂಗಣದ ಗೋಡೆಗಳಿಗೆ ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು. ಎಲ್ಲವನ್ನೂ ಒಮ್ಮೆ ತೂಗುಹಾಕಿಸಿ, ಮೇಜುಗಳ ಮೇಲೆ ಹರಡಿಸಿ, ಮೇಷ್ಟರು ಕಾಳು ಬೇರೆ ಹೊಟ್ಟು ಬೇರೆ ಮಾಡಲು ಹೊರಟರು. ಕಾಳು ಸ್ವಲ್ಪ, ಹೊಟ್ಟು ಬಹಳ. ಇನ್‌ಸ್ಪೆಕ್ಟರರ ಮಗ ಮಾಡಿದ ಮಣ್ಣಿನ ಹೂಜಿ ಬಲಗಡೆಗೆ ಎಷ್ಟು ವಾಲಿತ್ತೆಂದರೆ ಪಕ್ಕದಲ್ಲಿ ಹಾದುಹೋಗುವವರು ಕೈಕೊಟ್ಟು ನಿಲ್ಲಿಸಲು ನೋಡುತ್ತಿದ್ದರು. ಹಲ್ಲಿನ ಡಾಕ್ಟರರ ಮಗಳ ಕುದುರೆಯಲ್ಲಿ ಬಾಲ ಯಾವುದು ಕಾಲು ಯಾವುದು ಎಂದು ಎಣಿಸಿಯೇ ತಿಳಿಯಬೇಕಿತ್ತು. ಟೈರ್ ಅಂಗಡಿಯವರ ಮಗ ಒಂದು ಸೂರ್ಯನನ್ನು ಬರೆದಿದ್ದ. ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ ಎಂದು ಕೇಳಿದರೆ ಬರೆದವನೇ ತಲೆ ಕೆರೆದುಕೊಂಡಿದ್ದ.

ಇವನ್ನೆಲ್ಲ ತೆಗೆಸಬೇಕು. ಆದರೆ ಮಕ್ಕಳ ಮನಸ್ಸು ನೋಯಬಾರದು. ಜಾಗ ಸಾಲಲಿಲ್ಲ ಎಂದು ಆಮೇಲೆ ಹೇಳಿದರಾಯಿತು. ಅಟೆಂಡರನಿಗೆ ಗುರುತು ಹೇಗೆ ಹೇಳುವುದು? ಮೇಷ್ಟರ ಜೇಬಿನಲ್ಲಿ ಅದಕ್ಕೆ ಉಪಾಯ ಸಿದ್ಧವಾಗಿತ್ತು. ಪಾಠ ಮಾಡುವಾಗ ಭೂಪಟದಲ್ಲಿ ಭೂಕಂಪವಾಗುವ ಜಾಗ, ನೆರೆ ನುಗ್ಗುವ ಜಾಗ ತೋರಿಸಲು ಅವರು ಸಣ್ಣ ದುಂಡನೆಯ ಕೆಂಪು ಚುಕ್ಕೆಗಳ ಹಾಳೆ ಇಟ್ಟುಕೊಂಡಿರುತ್ತಿದ್ದರು. ಒಂದೊಂದೇ ಕಿತ್ತು, ಒಂದೊಂದೇ ಹೊಟ್ಟಿನ ಕೆಳಗಿನ ಮೂಲೆಗೆ ಅಂಟಿಸುತ್ತ ಹೋದರು.

"ಮೇಷ್ಟ್ರೇ, ಕೆಂಪು ಇರೋದು ತೆಗೀಬೇಕೋ, ಇಲ್ದೇ ಇರೋದು ತೆಗೀಬೇಕೋ?" ಎಂದು ಕೇಳಿದ ಅಟೆಂಡರ್.

"ಕೆಂಪು ಅಂದ್ರೆ ಅಪಾಯ ಕಣಯ್ಯ. ಅಪಾಯ ಇರೋದನ್ನ ತೆಗೀತಾರೋ, ಇಲ್ಲದ್ದನ್ನ ತೆಗೀತಾರೋ? ಬೆಳಿಗ್ಗೆ ಬೇಗ ಬಂದು ಎಲ್ಲಾ ಇಳಿಸಿ ಹಿಂದಿನ ರೂಮಿಗೆ ಹಾಕ್ಬಿಡು."

ಮಗಳ ಚಿತ್ರದ ಮುಂದೆ ಬಂದಾಗ ಮೇಷ್ಟರು ಚುಕ್ಕೆಯ ಹಾಳೆಯನ್ನು ಜೇಬಿಗಿಟ್ಟು, ಕರವಸ್ತ್ರದಿಂದ ಚೌಕಟ್ಟಿನ ಧೂಳು ಒರೆಸಿ ಮುಂದೆ ಹೋದರು. ಅವರ ಜೀವನದಲ್ಲಿ ಇಷ್ಟು ನ್ಯಾಯವಾಗಿ, ಇಷ್ಟು ಎಚ್ಚರದಿಂದ ಅವರು ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಇನ್ನೊಂದು ಜಾಣತನವನ್ನೂ ಮಾಡಿದ್ದರು. ಮುಖ್ಯ ಅತಿಥಿಗಳೆಂದರೆ ತಡವಾಗಿ ಬರುವವರು ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ, ಉದ್ಘಾಟನೆಗೆ ಬರಬೇಕಾಗಿದ್ದ ಕಲಾ ವಿಮರ್ಶಕರಿಗೆ ನಿಜವಾದ ಸಮಯಕ್ಕಿಂತ ಒಂದು ಗಂಟೆ ಮುಂಚಿನ ಸಮಯ ತಿಳಿಸಿದ್ದರು. ದೇಶದಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಬರುವ ಮುಖ್ಯ ಅತಿಥಿ ಒಬ್ಬರೇ ಇದ್ದರು. ಅವರನ್ನೇ ಮೇಷ್ಟರು ಕರೆದಿದ್ದರು.

ವಿಮರ್ಶಕರು ಬಂದಿಳಿದಾಗ ಅಟೆಂಡರನನ್ನು ಪ್ರಿನ್ಸಿಪಾಲರೇ ಪಕ್ಕದ ಶಾಲೆಗೆ ಕುರ್ಚಿ ತರಲು ಅಟ್ಟಿದ್ದರು. ಮೇಷ್ಟರು ಮನೆಯಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ಫೋನು ಬಂದು, ಒದ್ದೆ ತಲೆಯಲ್ಲೇ ಓಡಿ ಅವರು ಸಭಾಂಗಣದ ಬಾಗಿಲಿಗೆ ಬರುವಾಗ, ವಿಮರ್ಶಕರು ವಾಲಿದ ಹೂಜಿಯ ಮುಂದೆ ಬಗ್ಗಿ ನಿಂತಿದ್ದರು. ಒಂದೂ ಕೃತಿ ಇಳಿದಿರಲಿಲ್ಲ.

"ಅದ್ಭುತ! ಇನ್ನೂ ಬಾಗಿಲೇ ತೆರೆದಿಲ್ಲ, ಆಗಲೇ ಇಷ್ಟು ಮಾರಾಟವಾಗಿಬಿಟ್ಟಿದೆಯಲ್ಲ!" ಎನ್ನುತ್ತಿದ್ದರು ವಿಮರ್ಶಕರು.

"ಮಾರಾಟ?" ಎಂದರು ಪ್ರಿನ್ಸಿಪಾಲರು.

"ಕೆಂಪು ಚುಕ್ಕೆ ಇದೆಯಲ್ಲ! ಯಾವ ಗ್ಯಾಲರಿಗೆ ಹೋದ್ರೂ ಇದೇ ಪದ್ಧತಿ. ಕೊಂಡಾಗಿದೆ ಅನ್ನೋದಕ್ಕೆ ಮೂಲೇಲಿ ಒಂದು ಕೆಂಪು ಚುಕ್ಕೆ. ನಿಮ್ಮ ಸಂಚಾಲಕರು ವಿಷಯ ತಿಳಿದವರು."

ಮೇಷ್ಟರಿಗೆ ಇಂಥದ್ದೊಂದು ಪದ್ಧತಿ ಈ ಭೂಮಿಯ ಮೇಲೆ ಇದೆಯೆಂದು ತಿಳಿದದ್ದು ಆ ಕ್ಷಣದಲ್ಲಿ. ಭೂಮಿಯ ಮೇಲಿನ ಬೇರೆಲ್ಲ ವಿಷಯ ಅವರಿಗೆ ಗೊತ್ತಿತ್ತು.

"ಸಾರ್, ಅದು... ಚುಕ್ಕೆ..." ಎಂದು ಬಾಯಿ ತೆರೆದರು.

"ಯಾರ್ರೀ ಕೊಂಡ್ಕೊಂಡಿದ್ದು?" ಪ್ರಿನ್ಸಿಪಾಲರು ಅವರ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. "ನಂಗೊಂದು ಮಾತು ಹೇಳ್ಬಾರ್ದಾ?"

"ಕೇಳಬೇಡಿ" ಎಂದು ವಿಮರ್ಶಕರೇ ಕೈ ಅಡ್ಡ ಹಿಡಿದರು. "ಕೊಂಡವರ ಹೆಸರು ಹೇಳದೇ ಇರೋದೂ ಪದ್ಧತಿ. ಅಲ್ವೇ?"

"ಹೌದು... ಪದ್ಧತಿ" ಎಂದರು ಮೇಷ್ಟರು. ಈ ಎರಡು ಪದಗಳನ್ನು ಅವರು ಯಾಕೆ ಹೇಳಿದರೆಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ, ಅಷ್ಟೆ.

ರಿಬ್ಬನ್ ಕತ್ತರಿಸಿದಾಗ ಪ್ರಿನ್ಸಿಪಾಲರು ಮೈಕಿನಲ್ಲಿ ಘೋಷಿಸಿದರು: ಕಾಲೇಜಿನ ಚರಿತ್ರೆಯಲ್ಲೇ ಮೊದಲ ಬಾರಿಗೆ ಉದ್ಘಾಟನೆಗೆ ಮುಂಚೆಯೇ ಮಕ್ಕಳ ಕೃತಿಗಳು ಮಾರಾಟವಾಗಿವೆ, ಬಂದ ಹಣವೆಲ್ಲ ಹೊಸ ಕರಕುಶಲ ಕೊಠಡಿಗೆ. ಸಭೆ ಎದ್ದು ನಿಂತಿತು. ತಂದೆತಾಯಿಗಳು ಕುರ್ಚಿ ಉರುಳಿಸಿಕೊಂಡು ಗೋಡೆಗಳ ಕಡೆಗೆ ಓಡಿದರು. ಎಲ್ಲಿ ನೋಡಿದರೂ ಮೂಲೆಗೆ ಮುಖ ತಂದು ಚುಕ್ಕೆ ಹುಡುಕುವವರೇ. ಚಿತ್ರವನ್ನು ಯಾರೂ ನೋಡಲಿಲ್ಲ.

ವಿಮರ್ಶಕರು 'ರೇಖೆಯ ಶಿಸ್ತು' ಎಂಬ ಪ್ರಬಂಧ ಬರೆದು ತಂದಿದ್ದರು. ಜನ ಏನನ್ನು ಕೊಂಡಿದ್ದಾರೆಂದು ಕಣ್ಣಾರೆ ಕಂಡ ಮೇಲೆ ಅದನ್ನು ಮಡಚಿ ಜೇಬಿಗಿಟ್ಟು, ವಾಲುವುದರಲ್ಲಿರುವ ಸೌಂದರ್ಯದ ಬಗ್ಗೆ ಊಟದ ಹೊತ್ತಿನವರೆಗೂ ಮಾತಾಡಿದರು. ನೆಟ್ಟಗೆ ನಿಂತ ಹೂಜಿ ಸುಳ್ಳು ಹೇಳುತ್ತದೆ ಎಂದರು. ಇನ್‌ಸ್ಪೆಕ್ಟರರು ಮೊದಲ ಸಾಲಿನಲ್ಲಿ ಕೂತು, ಯಾರೋ ಸುಳ್ಳು ಹೇಳಿದ್ದಾರೆಂದು ಕೇಳಿದೊಡನೆ ಅಭ್ಯಾಸಬಲದಿಂದ ಸೆಟೆದು ಕೂತರು.

ಮಗಳು ಎಲ್ಲರಿಗಿಂತ ಹಿಂದೆ, ಅಮ್ಮನ ಬೆನ್ನಿನ ಚಿತ್ರದ ಪಕ್ಕ ನಿಂತಿದ್ದಳು. ನಾಲ್ಕೂ ಮೂಲೆ ನೋಡಿದಳು. ಚೌಕಟ್ಟನ್ನು ಎತ್ತಿ ಹಿಂದೆಯೂ ನೋಡಿದಳು. ಅದನ್ನು ದೂರದಿಂದ ಕಂಡ ಮೇಷ್ಟರಿಗೆ ನೆಲ ಬಿರಿದು ತಮ್ಮನ್ನು ನುಂಗಬಾರದೇ ಎನಿಸಿತು. ನೆಲ ಬಿರಿಯುವ ಜಾಗಗಳೆಲ್ಲ ಅವರಿಗೆ ಬಾಯಿಪಾಠ. ಈ ಸಭಾಂಗಣ ಅದರಲ್ಲಿರಲಿಲ್ಲ.

ಅಂದು ಸಂಜೆ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದರು. ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಇನ್‌ಸ್ಪೆಕ್ಟರ್ ಮಗನ ಹೂಜಿಗೆ, ಕೆಟ್ಟದಾಗಿದೆ ಅಂತ ಚುಕ್ಕೆ ಹಾಕಿದ್ರಾ?"

"ಕೆಟ್ಟದಾಗಿತ್ತು ಕಣೇ."

"ಬಾಯಿ ಮುಚ್ಕೊಂಡಿರಿ. ಈ ವಿಷಯ ಹೊರಗೆ ಬಿದ್ರೆ ನಾಳೆಯಿಂದ ನಾವು ಈ ಬೀದೀಲಿ ತಲೆ ಎತ್ತೋ ಹಾಗಿಲ್ಲ. ಹಲ್ಲು ನೋವು ಬಂದ್ರೆ ಯಾರ ಹತ್ರ ಹೋಗ್ತೀರಿ?"

"ಮತ್ತೆ ಪುಟ್ಟಿ?"

ಹೆಂಡತಿ ಕೆಳಗಿಟ್ಟ ಪಾತ್ರೆಯನ್ನು ಮತ್ತೆ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಆಡಿಟರ್ ಬಂದ. ಟೀ ಕುಡಿದ. ಮೆಲ್ಲನೆ ಗಂಟಲು ಸರಿಮಾಡಿಕೊಂಡು, "ಭಾವ, ನಂಗೂ ಬೇಜಾರಾಯ್ತು. ಎಷ್ಟೊಂದಕ್ಕೆ ಚುಕ್ಕೆ ಬಿದ್ದಿದೆ. ಆ ಕುದುರೆಗೂ ಬಿದ್ದಿದೆ. ನಮ್ಮ ಪುಟ್ಟೀದಕ್ಕೆ..." ಎಂದ. ವಾಕ್ಯ ಮುಗಿಸದೆ ಎದ್ದು ಹೋದ. ಬೈದು ಹೋಗಿದ್ದರೆ ಎಷ್ಟೋ ಮೇಲಿತ್ತು.

ಮೇಷ್ಟರು ತಡೆಯಲಾರದೆ ಮಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಜ ಹೇಳಿದರು. ಚುಕ್ಕೆ ಹಾಕಿದ್ದು ಕೆಟ್ಟದ್ದಕ್ಕೆ, ನಿನ್ನದು ಚೆನ್ನಾಗಿದೆ ಅಂತಲೇ ಹಾಕಲಿಲ್ಲ ಎಂದರು. ಮಗಳು ಮಂಡಿಯ ಮೇಲೆ ಗಲ್ಲವಿಟ್ಟು ಪೂರ್ತಿ ಕೇಳಿಸಿಕೊಂಡಳು.

"ಅಪ್ಪ, ನಾನು ಚಿಕ್ಕವಳಿದ್ದಾಗ ಸ್ಕೂಲಲ್ಲಿ ಓಟದ ಪಂದ್ಯದಲ್ಲಿ ಕೊನೇಗೆ ಬಂದೆ. ಆಗ ನೀವು ಏನಂದ್ರಿ ನೆನಪಿದ್ಯಾ?"

ಮೇಷ್ಟರಿಗೆ ನೆನಪಿತ್ತು.

"ಉಳಿದವರೆಲ್ಲಾ ತಪ್ಪು ದಿಕ್ಕಿಗೆ ಓಡಿದ್ರು, ನೀನೊಬ್ಳೇ ಸರಿಯಾಗಿ ಓಡಿದ್ದು ಅಂದ್ರಿ. ನಾನು ಅದನ್ನ ನಂಬ್ಕೊಂಡು ವರ್ಷಗಟ್ಟಲೆ ಎಲ್ಲರಿಗೂ ಹೇಳ್ಕೊಂಡು ತಿರುಗಿದೆ."

"ಅದು ಬೇರೆ ಪುಟ್ಟಿ. ಇದು ನಿಜ."

"ಹೋಗಿ ಮಲಕ್ಕೊಳ್ಳಿ ಅಪ್ಪ" ಎಂದಳು ಮಗಳು, ಬಹಳ ಮೆತ್ತಗೆ.

ಮರುದಿನ ಬೆಳಿಗ್ಗೆ ಮೇಷ್ಟರು ಎಲ್ಲರಿಗಿಂತ ಮೊದಲು ಸಭಾಂಗಣಕ್ಕೆ ಹೋಗಿ, ಅತ್ತಿತ್ತ ನೋಡಿ, ಅಮ್ಮನ ಬೆನ್ನಿನ ಮೂಲೆಗೂ ಒಂದು ಚುಕ್ಕೆ ಒತ್ತಿದರು. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದುಕೊಂಡರು, ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಗಳು ಬಂದಾಗ ಸಂಭ್ರಮದಿಂದ ಕರೆದೊಯ್ದು ತೋರಿಸಿದರು.

"ಯಾರು ತಗೊಂಡ್ರು?"

"ಹೆಸರು ಹೇಳ್ಬಾರ್ದು. ಪದ್ಧತಿ. ಗುರುತು ಪರಿಚಯ ಇಲ್ಲದ ಒಬ್ರು."

"ಅಪ್ಪ, ನಿಮ್ಮ ಜೇಬಿಂದ ಚುಕ್ಕೆ ಹಾಳೆ ಇಣುಕ್ತಾ ಇದೆ."

ಅವಳೇ ಉಗುರಿನಿಂದ ಚುಕ್ಕೆಯನ್ನು ಕಿತ್ತು, ಹಾಳೆಯಲ್ಲಿ ಖಾಲಿಯಿದ್ದ ಜಾಗಕ್ಕೆ ನೀಟಾಗಿ ಅಂಟಿಸಿ, ಹಾಳೆಯನ್ನು ಅಪ್ಪನ ಜೇಬಿನೊಳಕ್ಕೆ ಪೂರ್ತಿ ತಳ್ಳಿ ಹೋದಳು.

ಆ ಹೊತ್ತಿಗೆ ಇನ್ನೊಂದು ಗಾಳಿ ಎದ್ದಿತ್ತು. ಮೊದಲು ಬಂದವರು ಇನ್‌ಸ್ಪೆಕ್ಟರರು. ಮೇಷ್ಟರನ್ನು ಕಂಬದ ಮರೆಗೆ ಕರೆದರು.

"ಯಾರ್ರೀ ಅವನು, ನನ್ನ ಮಗನ ಹೂಜಿ ತಗೊಂಡವನು?"

"ಹೆಸರು ಹೇಳೋ ಹಾಗಿಲ್ಲ ಸಾರ್... ಪದ್ಧತಿ."

"ಹೆಸರು ಹೇಳಿಸೋ ಪದ್ಧತಿ ನಮ್ಮಲ್ಲೂ ಒಂದಿದೆ" ಎಂದು ಮೀಸೆಯ ಮೇಲೆ ಕೈಯಿಟ್ಟರು ಇನ್‌ಸ್ಪೆಕ್ಟರರು. ಆದರೆ ಇನ್‌ಸ್ಪೆಕ್ಟರರ ದನಿ ಇದ್ದಕ್ಕಿದ್ದಂತೆ ಒಡೆಯಿತು. "ನೋಡಿ ಮೇಷ್ಟ್ರೇ, ಆ ಹುಡುಗ ಹುಟ್ಟಿದಾಗಿನಿಂದ ನನ್ನ ಕೈಲಿ ಏಟು ತಿಂದದ್ದೇ ಹೆಚ್ಚು. ಅವನು ಮಾಡಿದ್ದನ್ನ ಯಾವನೋ ದಾರಿಹೋಕ ತನ್ನ ಮನೇಲಿಟ್ಕೊಳ್ಳೋದಾ? ಅವನಿಗೆ ಹೇಳಿ, ಅವನು ಕೊಟ್ಟಿದ್ದರ ಎರಡರಷ್ಟು ಕೊಡ್ತೀನಿ. ಹೂಜಿ ನನ್ನ ಮನೇಲೇ ಇರ್ಬೇಕು."

ಮೇಷ್ಟರು ವೇದಿಕೆಯ ಹಿಂದೆ ಹೋಗಿ, ಬೆವರು ಒರೆಸಿಕೊಂಡು, ಫೋನನ್ನು ಕಿವಿಗಿಟ್ಟು ಯಾರೊಡನೆಯೂ ಅಲ್ಲದೆ ಸ್ವಲ್ಪ ಹೊತ್ತು ವಾದ ಮಾಡಿ ಬಂದರು. "ಒಪ್ಕೊಂಡ್ರು ಸಾರ್."

ಆಮೇಲೆ ಹಲ್ಲಿನ ಡಾಕ್ಟರರು ಬಂದರು. ಟೈರ್ ಅಂಗಡಿಯವರು ಇಡೀ ಕುಟುಂಬದೊಡನೆ ಬಂದರು. ಮಕ್ಕಳು ಮಾಡಿದ್ದನ್ನು ಪರರ ಪಾಲು ಮಾಡಲು ಯಾವ ತಂದೆತಾಯಿಗೂ ಮನಸ್ಸಿರಲಿಲ್ಲ. ಪ್ರತಿಯೊಬ್ಬರಿಗಾಗಿಯೂ ಮೇಷ್ಟರು ವೇದಿಕೆಯ ಹಿಂದೆ ಹೋಗಿ ಫೋನಿನಲ್ಲಿ ಜಗಳವಾಡಿದರು. ಒಂದು ಸಲವಂತೂ ಇಲ್ಲದ ಆ ಗಿರಾಕಿ ಎಷ್ಟು ಹಟಮಾರಿಯೆನಿಸಿದನೆಂದರೆ ಮೇಷ್ಟರಿಗೆ ನಿಜವಾಗಿಯೂ ಸಿಟ್ಟು ಬಂತು. ಸಂಜೆಯೊಳಗೆ ಹೊಟ್ಟೆಲ್ಲ ಖರೀದಿಯಾಗಿ, ಹಣ ಪ್ರಿನ್ಸಿಪಾಲರ ಕೈ ಸೇರಿ, ಚುಕ್ಕೆಗಳು ಹೇಳಿದ್ದೇ ಸತ್ಯವಾಯಿತು.

ಉಳಿದದ್ದು ಚುಕ್ಕೆಯಿಲ್ಲದ ಸ್ವಲ್ಪ ಕಾಳು. ಅವುಗಳ ಗತಿಯೂ ನೋಡುವಂತಿತ್ತು. ಬೆತ್ತದ ಬುಟ್ಟಿ ಹೆಣೆದಿದ್ದ ಹುಡುಗಿ ರಾತ್ರೋರಾತ್ರಿ ತನ್ನ ಬುಟ್ಟಿಯ ತಳ ಕಿತ್ತು ತಂದಿಟ್ಟಳು. ವಿಮರ್ಶಕರ ಭಾಷಣ ಕೇಳಿದ್ದ ಒಬ್ಬರು ತಕ್ಷಣ ಕೊಂಡರು. ಮರದಲ್ಲಿ ಹಕ್ಕಿ ಕೆತ್ತಿದ್ದ ಹುಡುಗ ಅದರ ಕೊಕ್ಕು ಮುರಿದ, ಅದೂ ಹೋಯಿತು. ಮೇಷ್ಟರ ಮಗಳಿಗೂ ಗೆಳತಿಯರು ಬುದ್ಧಿ ಹೇಳಿದರು. ಒಂದು ಸ್ವಲ್ಪ ಸೊಟ್ಟ ಮಾಡೇ, ಎರಡು ಗೀಟು ಎಳೆದ್ರೆ ಸಾಕು ಎಂದರು.

"ನಾನು ಅಮ್ಮನ ಬೆನ್ನು ಸೊಟ್ಟ ಮಾಡಲ್ಲ" ಎಂದಳು ಅವಳು.

ಕೊನೆಯ ದಿನದ ಸಮಾರೋಪದ ಹೊತ್ತಿಗೆ ಇಡೀ ಸಭಾಂಗಣದಲ್ಲಿ ಕೆಂಪು ಚುಕ್ಕೆಯಿಲ್ಲದ ಕೃತಿ ಅದೊಂದೇ. ಬಂದವರು ಅದರ ಮುಂದೆ ಬಂದಾಗ ದನಿ ತಗ್ಗಿಸುತ್ತಿದ್ದರು, ಕಾಯಿಲೆಯವರಿದ್ದ ಮನೆಯ ಮುಂದೆ ಹಾದುಹೋಗುವ ಹಾಗೆ. "ಪಾಪ, ಸಂಚಾಲಕರ ಮಗಳದ್ದೇ ಅಂತೆ" ಎನ್ನುತ್ತಿದ್ದರು.

ವಂದನಾರ್ಪಣೆ ಸಂಚಾಲಕರ ಪಾಲಿನದು. ಮೇಷ್ಟರು ಮೈಕಿನ ಮುಂದೆ ನಿಂತರು. ಮೊದಲ ಸಾಲಿನಲ್ಲಿ ಹೆಂಡತಿ, ಪಕ್ಕದಲ್ಲಿ ಆಡಿಟರ್, ಅವನ ಪಕ್ಕದಲ್ಲಿ ಮಗಳು. ಮಗಳು ನೆಲ ನೋಡುತ್ತಿದ್ದಳು. ಆ ಬಗ್ಗಿದ ತಲೆಯನ್ನು ನೋಡಿ ಮೇಷ್ಟರಿಗೆ ಪ್ರಿನ್ಸಿಪಾಲರೂ ಮರೆತುಹೋದರು, ಇನ್‌ಸ್ಪೆಕ್ಟರರೂ ಮರೆತುಹೋದರು.

"ಎಲ್ಲರೂ ಕ್ಷಮಿಸ್ಬೇಕು. ನಾನೊಂದು ನಿಜ ಹೇಳ್ಬೇಕು" ಎಂದರು. "ಆ ಕೆಂಪು ಚುಕ್ಕೆ ನಾನೇ ಅಂಟಿಸಿದ್ದು. ಮಾರಾಟ ಆಗಿದೆ ಅಂತ ಅಲ್ಲ. ಚೆನ್ನಾಗಿಲ್ಲ, ಗೋಡೆಯಿಂದ ಇಳಿಸ್ಬೇಕು ಅಂತ. ಕೊಂಡವರು ಯಾರೂ ಇರಲೇ ಇಲ್ಲ. ಹೂಜಿ ವಾಲಿದ್ದು ಸೌಂದರ್ಯ ಅಲ್ಲ, ತಪ್ಪು. ಚುಕ್ಕೆ ಇಲ್ದೇ ಇದ್ದದ್ದೇ ಚೆನ್ನಾಗಿದ್ದದ್ದು. ನನ್ನ ಮಗಳ ಚಿತ್ರಕ್ಕೆ ಚುಕ್ಕೆ ಇಲ್ಲ, ಯಾಕಂದ್ರೆ ಅದು ಎಲ್ಲಕ್ಕಿಂತ ಚೆನ್ನಾಗಿದೆ."

ಕೊನೆಯ ವಾಕ್ಯವೊಂದು ಇಲ್ಲದಿದ್ದರೆ ಅರ್ಧ ಜನವಾದರೂ ನಂಬುತ್ತಿದ್ದರೇನೋ.

ಟೈರ್ ಅಂಗಡಿಯವರು ಎದ್ದು ನಿಂತರು. "ಏನ್ ಮೇಷ್ಟ್ರೇ ಇದು? ಗಿರಾಕಿ ಜೊತೆ ನೀವು ಫೋನಲ್ಲಿ ಕಿತ್ತಾಡಿದ್ದನ್ನ ನಾನೇ ಕಿವಿಯಾರೆ ಕೇಳಿದೀನಿ. ಹಣ ಕೊಟ್ಟು ತಗೊಂಡಿದೀನಿ. ಮಾರಾಟ ಆಗಿಲ್ಲ ಅಂತ ಹೇಗೆ ಹೇಳ್ತೀರಿ?"

"ಫೋನಲ್ಲಿ ಯಾರೂ ಇರ್ಲಿಲ್ಲ!"

"ಯಾರೂ ಇಲ್ದೆ ಅಷ್ಟು ಬೈದ್ರಾ?"

"ಅಟೆಂಡರ್‌ನ ಕೇಳಿ!" ಎಂದು ಕೂಗಿದರು ಮೇಷ್ಟರು. ಎಲ್ಲರೂ ಬಾಗಿಲ ಕಡೆ ತಿರುಗಿದರು. ಅಟೆಂಡರ್ ಪ್ರಿನ್ಸಿಪಾಲರನ್ನು ನೋಡಿದ, ಇನ್‌ಸ್ಪೆಕ್ಟರರ ಮೀಸೆ ನೋಡಿದ. "ನಂಗೇನೂ ಗೊತ್ತಿಲ್ಲ ಸಾರ್. ನಾನು ಕುರ್ಚಿ ತರೋಕೆ ಹೋಗಿದ್ದೆ" ಎಂದ.

"ಪಾಪ, ಹೆತ್ತ ಕರುಳು" ಎಂದರು ಹಲ್ಲಿನ ಡಾಕ್ಟರರ ಹೆಂಡತಿ, ಇಡೀ ಸಭೆಗೆ ಕೇಳುವಷ್ಟು ಮೆಲ್ಲಗೆ. ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಸಿಟ್ಟಾಗಿದ್ದ ಮುಖಗಳೆಲ್ಲ ಒಂದೊಂದಾಗಿ ಕರಗಿದವು. ಇನ್‌ಸ್ಪೆಕ್ಟರರು ಕರವಸ್ತ್ರ ತೆಗೆದರು. ಪ್ರಿನ್ಸಿಪಾಲರು ಮೈಕಿನ ಹತ್ತಿರ ಬಂದು, "ನಾವೂ ಮಕ್ಕಳೊಂದಿಗರೇ. ತನ್ನ ಮಗುವಿನದೊಂದೇ ಉಳಿದುಹೋದಾಗ ಒಬ್ಬ ತಂದೆಯ ಬಾಯಲ್ಲಿ ಏನೇನೋ ಬರುತ್ತೆ. ನಾವ್ಯಾರೂ ತಪ್ಪು ತಿಳಿಯೋದು ಬೇಡ. ಮುಂದಿನ ವರ್ಷವೂ ಇವರೇ ಸಂಚಾಲಕರು" ಎಂದರು. ಚಪ್ಪಾಳೆ ಬಿತ್ತು. ಅಂಥ ಚಪ್ಪಾಳೆಯನ್ನು ಶತ್ರುವಿಗೂ ಯಾರೂ ತಟ್ಟಬಾರದು.

ಮಗಳೇ ವೇದಿಕೆಗೆ ಬಂದಳು. ಅಪ್ಪನ ಕೈಯಿಂದ ಮೈಕು ಬಿಡಿಸಿ ಕೆಳಗಿಟ್ಟಳು. "ಬನ್ನಿ ಅಪ್ಪ, ಹೋಗೋಣ" ಎಂದಳು.

ಅವಳು ಗೋಡೆಯಿಂದ ಚಿತ್ರ ಇಳಿಸಿ ಕಾಗದ ಸುತ್ತುತ್ತಿದ್ದಾಗ, ಬಾಗಿಲ ಬಳಿ ಇಂಗು ತಿಂದ ಮಂಗನಂತೆ ನಿಂತಿದ್ದ ಮೇಷ್ಟರ ಹತ್ತಿರ, ಸಮಾರೋಪಕ್ಕೂ ಕರೆಸಿದ್ದ ವಿಮರ್ಶಕರು ಬಂದರು.

"ನಿಮಗೊಂದು ವಿಷಯ ಹೇಳ್ಬೇಕು. ಆ ಇಸ್ತ್ರಿ ಮಾಡೋ ಹೆಂಗಸಿನ ಚಿತ್ರವನ್ನ ಮೊದಲ ದಿನವೇ ಕೊಂಡ್ಕೋಬೇಕು ಅನ್ಕೊಂಡಿದ್ದೆ. ಸತ್ಯವಾಗಿ ಹೇಳ್ತೀನಿ, ಇಲ್ಲಿ ಅದೊಂದೇ ಚಿತ್ರ. ಆದ್ರೆ ಅಷ್ಟೊಂದಕ್ಕೆ ಚುಕ್ಕೆ ಇದ್ದು ಅದಕ್ಕೆ ಇರ್ಲಿಲ್ಲ. ಸಂಚಾಲಕರ ಮಗಳದ್ದು ಬೇರೆ. ಮನೆಯವರು ಮಾರೋದಿಲ್ಲವೇನೋ ಅಂದ್ಕೊಂಡು ಸುಮ್ಮನಾದೆ."

ಮೇಷ್ಟರು ಅವರ ಎರಡೂ ಕೈ ಹಿಡಿದುಕೊಂಡರು. "ತಗೊಳ್ಳಿ ಸಾರ್! ಈಗ್ಲೇ ತಗೊಳ್ಳಿ! ಅಗೋ, ಅಲ್ಲೇ ಇದಾಳೆ, ನೀವೇ ಹೋಗಿ ಕೇಳಿ!"

ವಿಮರ್ಶಕರು ನಿಧಾನವಾಗಿ ಕೈ ಬಿಡಿಸಿಕೊಂಡರು. "ಹೇಗೆ ಕೇಳ್ಲಿ? ನೀವು ಅಷ್ಟೆಲ್ಲಾ ಮಾತಾಡಿದ ಮೇಲೆ ನಾನು ಈಗ ಕೊಂಡ್ರೆ, ಕನಿಕರಕ್ಕೆ ಕೊಂಡ್ರು ಅಂತಾರೆ ಜನ. ಜನ ಹಾಳಾಗ್ಲಿ, ಆ ಹುಡುಗಿಯೇ ಹಾಗಂದ್ಕೊಳ್ತಾಳೆ. ನೀವು ಇವತ್ತೊಂದು ದಿನ ಬಾಯಿ ಮುಚ್ಕೊಂಡಿದ್ದಿದ್ರೆ..." ಎಂದು ತಲೆಯಾಡಿಸಿ ಕಾರು ಹತ್ತಿದರು.

ಹೆಂಡತಿ ತಮ್ಮನ ಜೊತೆ ಮುಂದೆ ಹೋಗಿದ್ದಳು. ಅಪ್ಪ ಮಗಳು ಆಟೋ ಹಿಡಿದರು. ಕಾಗದ ಸುತ್ತಿದ ಚಿತ್ರ ಇಬ್ಬರ ಮಡಿಲ ಮೇಲೂ ಅಡ್ಡಲಾಗಿ ಕೂತಿತ್ತು.

"ಅಷ್ಟು ಜನರ ಮುಂದೆ ನಂಗೋಸ್ಕರ ಅಂಥಾ ಸುಳ್ಳು ಹೇಳ್ಬಾರ್ದಾಗಿತ್ತು ಅಪ್ಪ ನೀವು" ಎಂದಳು ಮಗಳು.

"ಅದು ಸುಳ್ಳಲ್ಲ ಪುಟ್ಟಿ."

"ಆಯ್ತು ಬಿಡಿ." ಅವಳು ಅಪ್ಪನ ಕೈಯ ಮೇಲೆ ಕೈಯಿಟ್ಟಳು. "ಯಾರ ಅಪ್ಪಾನೂ ಮಗಳಿಗೋಸ್ಕರ ಹೀಗೆ ಮರ್ಯಾದೆ ಬಿಟ್ಟು ನಿಲ್ಲಲ್ಲ. ನಂಗೆ ಅಷ್ಟೇ ಸಾಕು. ಪರೀಕ್ಷೆ ಮುಗಿದ ಮೇಲೆ ಮಾವನ ಆಫೀಸಿಗೆ ಹೋಗ್ತೀನಿ. ಬೇಜಾರಿಲ್ಲ, ನಿಜವಾಗ್ಲೂ."

ಮೇಷ್ಟರ ಬಳಿ ಇನ್ನೂ ಒಂದು ಮಾತು ಉಳಿದಿತ್ತು. ತಡೆಯಲಾರದೆ ಅದನ್ನೂ ಹೇಳಿದರು.

"ಪುಟ್ಟಿ, ಆ ವಿಮರ್ಶಕರಿದಾರಲ್ಲ, ಅವರು ನಿನ್ನ ಚಿತ್ರ ಕೊಂಡ್ಕೋಬೇಕು ಅಂತಿದ್ರಂತೆ. ಈಗ ಬಾಗಿಲ ಹತ್ರ ಅವರೇ ಹೇಳಿದ್ರು. ಇಲ್ಲಿ ಅದೊಂದೇ ಚಿತ್ರ ಅಂದ್ರು."

ಮಗಳು ಅಪ್ಪನ ಮುಖ ನೋಡಿದಳು. ಆಮೇಲೆ ನಕ್ಕಳು. ಪ್ರದರ್ಶನ ಶುರುವಾದಾಗಿನಿಂದ ನಗದಿದ್ದವಳು ಚಿತ್ರದ ಮೇಲೆ ಬಗ್ಗಿ ಬಿದ್ದು ಬಿದ್ದು ನಕ್ಕಳು. "ಸಾಕಪ್ಪಾ, ಸಾಕು. ಒಂದು ದಿನಕ್ಕೆ ಒಂದೇ ಸಾಕು" ಎಂದು ಕಣ್ಣು ಒರೆಸಿಕೊಂಡಳು. ನಗು ನಿಂತ ಮೇಲೂ ಆಚೆ ಕಡೆಗೆ ಮುಖ ತಿರುಗಿಸಿಕೊಂಡು ಒರೆಸಿಕೊಳ್ಳುತ್ತಲೇ ಇದ್ದಳು. ಮೇಷ್ಟರು ಏನಾದರೂ ಹೇಳಬೇಕೆಂದು ಬಾಯಿ ತೆರೆದು, ಹಾಗೆಯೇ ಮುಚ್ಚಿಕೊಂಡರು. ಮಗಳಿಗೆ ಹೇಳಲು ಅವರ ಬಳಿ ಇನ್ನು ಯಾವ ನಿಜವೂ ಉಳಿದಿರಲಿಲ್ಲ.